ಬಾಗಿಲಿಗೆ ಅಡ್ಡ ಇಟ್ಟ ಪೊರಕೆ

"ಈ ಪುಟ ತೆಗೀಬೇಕು" ಎಂದು ಬತೂಲ್ ಹೇಳಿದ ಕೂಡಲೇ ತಿಹಾಮಿಯ ಕಿವಿ ಬಿಸಿಯಾಯಿತು.

ಕಾಸಾಬ್ಲಾಂಕಾದಿಂದ ಬೆಳಗಿನ ರೈಲಿಗೆ ಫೆಸ್ ಪಟ್ಟಣಕ್ಕೆ ಬಂದಿಳಿದ ಹುಡುಗಿ ಅವಳು. ಕಾಲಿಗೆ ಮೆಟ್ಟುವ ಹಳದಿ ತೊಗಲಿನ ಚಡಾವು ಹೊಲಿಸಿ ಮಾರುವ ತಿಹಾಮಿಯ ಮನೆತನದ ಕಂಪನಿಗೆ ಹೊಸ ವೆಬ್‌ಸೈಟ್ ಬೇಕೆಂದು ಜವಾದ್ ಅವಳನ್ನು ಕರೆಸಿದ್ದ. ಬಂದವಳೇ ಅಂಗಡಿಯ ಹಿಂಗೋಡೆಗೆ ಬಣ್ಣಬಣ್ಣದ ಚೀಟಿ ಅಂಟಿಸಿ, ಹಳೆಯ ಪುಟಗಳಲ್ಲಿ ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಕೈಗೆ ಮಣ್ಣಂಟದ ತೋಟಗಾರ್ತಿಯ ಹಾಗೆ ಕಳೆ ಕೀಳುತ್ತಿದ್ದಳು. ಕಿತ್ತದ್ದಕ್ಕೆಲ್ಲ ತಿಹಾಮಿ ಹ್ಞೂಂಗುಟ್ಟಿದ್ದ. ಇದಕ್ಕೆ ಮಾತ್ರ ಆಗಲಿಲ್ಲ.

"ಯಾಕೆ ತೆಗೀಬೇಕು?"

"ತಿಹಾಮಿಯವರೇ, ಅದರಲ್ಲಿ ಇರೋದಾದರೂ ಏನು? ಬಾಗಿಲಿಗೆ ಅಡ್ಡ ಒಂದು ಪೊರಕೆ. ಶುಕ್ರವಾರ ಮಧ್ಯಾಹ್ನ ಬಂದೋರಿಗೆಲ್ಲ ಪೊರಕೆ ತೋರಿಸಿದರೆ ಅವರು ಬೇರೆ ಅಂಗಡಿ ನೋಡ್ಕೋತಾರೆ."

"ಹೋಗೋರು ಹೋಗಲಿ. ನಾನೇನು ಕಾಲು ಹಿಡ್ಕೋತೀನಾ?"

"ಅಣ್ಣಾ, ಕೂಗಾಡಬೇಡ" ಎಂದ ಜವಾದ್. ತಿಹಾಮಿಯ ದೊಡ್ಡಪ್ಪನ ಮಗ ಅವನು. ದೊಡ್ಡಪ್ಪ ತೀರಿಕೊಂಡ ಮೇಲೆ ಕಂಪನಿಯ ಯಜಮಾನ. "ನಮಾಜು, ಊಟ ಮುಗಿಸಿ ಬಂದು ಎಲ್ಲಾ ಗಟ್ಟಿ ಮಾಡಿಬಿಡೋಣ. ಬತೂಲ್ ಸಂಜೆ ಗಾಡಿಗೆ ಹೊರಡಬೇಕು."

ಅಂದರೆ ಆ ಪುಟಕ್ಕೆ ಉಳಿದದ್ದು ಒಂದು ನಮಾಜಿನ ಹೊತ್ತು.

ಆ ಪೊರಕೆಯ ಚಿತ್ರ ತೆಗೆದವನು ತಿಹಾಮಿಯೇ. ಇಪ್ಪತ್ತು ವರ್ಷದ ಹಿಂದೆ, ಇದೇ ಹೊಸ್ತಿಲಲ್ಲಿ. ಆಗ ಅವನಿಗೆ ತಲೆ ತುಂಬ ಕೂದಲು, ತಲೆಯೊಳಗೆ ಕಂಪ್ಯೂಟರಿನ ಹುಚ್ಚು. ಮೂರು ತಿಂಗಳು ತಿಣುಕಿ ವೆಬ್‌ಸೈಟ್ ಮಾಡಿ ದೊಡ್ಡಪ್ಪ ಹಾಜಿ ಫದ್ದೋಲರಿಗೆ ತೋರಿಸಿದ್ದ. ಬ್ರಸೆಲ್ಸ್‌ನಲ್ಲಿರುವ ನಮ್ಮವರು ಮಲಗುವ ಕೋಣೆಯಿಂದಲೇ ಚಡಾವು ಕೊಳ್ಳಬಹುದು ಎಂದು ಕೊಚ್ಚಿಕೊಂಡಿದ್ದ. ಮುದುಕ ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದ್ದು ಒಂದೇ ಮಾತು.

"ನಾನು ಮಸೀದಿಗೆ ಹೋದಾಗ ಈ ಅಂಗಡಿಯಲ್ಲಿ ಯಾರಿರ್ತಾರೆ?"

"ಯಾರೂ ಬೇಕಿಲ್ಲ ದೊಡ್ಡಪ್ಪ. ಅದೇ ಮಾರ್ಕೊಳ್ಳುತ್ತೆ."

"ಯಜಮಾನ ಇಲ್ಲ, ಅಂಗಡಿ ತೆರೆದಿದೆ! ಅದೇನು ಅಂಗಡಿಯೋ, ದಿಕ್ಕಿಲ್ಲದ ಮನೆಯೋ? ಪೊರಕೆ ಇಡೋ, ಕತ್ತೆ!"

ಬೀದಿಯ ಎಲ್ಲ ಅಂಗಡಿಗಳಲ್ಲೂ ಅದೇ ರೂಢಿ. ಬಾಂಗು ಕೂಗಿದರೆ ಬಾಗಿಲು ಹಾಕುವುದಿಲ್ಲ, ಬೀಗ ಜಡಿಯುವುದಿಲ್ಲ. ಬಾಗಿಲಿಗೆ ಅಡ್ಡ ಒಂದು ಪೊರಕೆ ಇಟ್ಟು ಹೋಗುವುದು. ಅದನ್ನು ದಾಟಿ ಸುಲ್ತಾನನೂ ಒಳಗೆ ಕಾಲಿಡುವುದಿಲ್ಲ. ತಿಹಾಮಿ ಬೈದುಕೊಳ್ಳುತ್ತಲೇ ಕ್ಯಾಮೆರಾ ತಂದು ಪೊರಕೆಯ ಚಿತ್ರ ತೆಗೆದ. ಮುದುಕ ಆಗಲೇ ಮಸೀದಿಯ ಕಡೆ ಹೊರಟಿದ್ದ. ಚಿತ್ರದ ಮೂಲೆಯಲ್ಲಿ ಅವನ ಚಡಾವಿನ ಹಳದಿ ಮೂತಿ ಸಿಕ್ಕಿಬಿದ್ದಿತ್ತು. ಕತ್ತರಿಸಿ ತೆಗೆಯಲು ತಿಹಾಮಿಗೆ ಆಗ ಬರುತ್ತಿರಲಿಲ್ಲ. ಬರುವಷ್ಟು ಕಲಿತಾಗ ಮನಸ್ಸು ಬರಲಿಲ್ಲ. ಅಂದಿನಿಂದ ಪ್ರತಿ ಶುಕ್ರವಾರ ಅವನೇ ವೆಬ್‌ಸೈಟಿಗೆ ಅಡ್ಡ ಆ ಪುಟ ಹಾಕಿ ಹೋಗುತ್ತಿದ್ದ, ಬಂದು ತೆಗೆಯುತ್ತಿದ್ದ. ಪೊರಕೆಯ ಕೆಳಗೆ ಒಂದು ಸಾಲು: ನಮಾಜಿಗೆ ಹೋಗಿದ್ದೇವೆ, ಬರುತ್ತೇವೆ.

ಬಾಂಗು ಕೇಳಿಸಿತು. ಜವಾದ್ ಮೊದಲು ಹೊರಟ. ತಿಹಾಮಿ ಶುಕ್ರವಾರದ ಬಿಳಿ ನಿಲುವಂಗಿ ಹಾಕಿ, ಚಡಾವು ಮೆಟ್ಟಿ ಬಾಗಿಲಿಗೆ ಬಂದ. ಗಾಜಿನ ಬಾಗಿಲು ಹಾಕಿಸಿದ ಮೇಲೆ ಅಲ್ಲಿ ಪೊರಕೆ ಇಡುವ ರೂಢಿ ತಪ್ಪಿತ್ತು. ಬೀಗ ಒತ್ತಿ ಹೋಗುವುದು, ಅಷ್ಟೆ. ಇವತ್ತು ಅವನು ಬೀಗ ಒತ್ತಲಿಲ್ಲ. ಅಟ್ಟದ ಕೆಳಗಿನಿಂದ ಹಳೆಯ ಪೊರಕೆ ಎಳೆದು ತಂದು, ಗಾಜಿನ ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲಿಗೆ ಅಡ್ಡ ಇಟ್ಟ. ಹಿಂತಿರುಗಿ ನೋಡದೆ ನಡೆದ. ಒಳಗೆ ಹಿಂಗೋಡೆಯ ಹತ್ತಿರ ಬತೂಲ್ ಕೂತಿದ್ದಾಳೆ ಎಂಬುದು ಕೋಪದಲ್ಲಿ ಅವನ ತಲೆಯಿಂದಲೇ ಹಾರಿಹೋಗಿತ್ತು.

ನೆನಪಾದದ್ದು ನಮಾಜು ಮುಗಿಸಿ ಎದ್ದಾಗ. "ಅಯ್ಯೋ ದೇವರೇ" ಎಂದುಕೊಂಡು ಜನರನ್ನು ನೂಕಿಕೊಂಡು ಓಡಿಬಂದ. ಅವಳು ಆಗಲೇ ದಾಟಿ ಹೋಗಿರುತ್ತಾಳೆ, ಪೊರಕೆ ಬೀದಿಯಲ್ಲಿ ಬಿದ್ದಿರುತ್ತದೆ ಎಂದು ಖಾತ್ರಿಯಾಗಿತ್ತು.

ತಿರುವಿನಲ್ಲೇ ನಿಂತುಬಿಟ್ಟ.

ಪೊರಕೆ ಇಟ್ಟಲ್ಲೇ ಇತ್ತು. ಹೊರಗೆ ಮೆಟ್ಟಿಲ ಮೇಲೆ ಅಂಗಡಿಯ ಹಮಾಲಿ ಹಮ್ಮೂ ಕೂತಿದ್ದ. ಜವಾದನ ಮನೆಯಿಂದ ಊಟಕ್ಕೆ ಕಳಿಸಿದ, ಗೋಧಿ ರವೆಯ ಕುಸ್‌ಕುಸ್ ತಟ್ಟೆ ಅವನ ತೊಡೆಯ ಮೇಲಿತ್ತು. ಒಳಗೆ, ಹೊಸ್ತಿಲಿನ ಆಚೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬತೂಲ್ ಕೂತಿದ್ದಳು.

"ಹಸಿವಾಗ್ತಿದೆ ಹಮ್ಮೂ. ಕೈ ಚಾಚಿ ಕೊಟ್ಟುಬಿಡು."

"ಪೊರಕೆ ಮೇಲಿಂದ ಕೊಡೋದಾ? ಚೆನ್ನಾಗಿದೆ!"

"ಹಾಗಾದ್ರೆ ಅದನ್ನ ಆಕಡೆ ಇಡು."

"ಇಟ್ಟೋನೇ ತೆಗೀಬೇಕು. ನೀನ್ಯಾಕೆ ದಾಟಿ ಬರಲ್ಲ? ಕಾಸಾಬ್ಲಾಂಕಾದೋಳು, ಧೈರ್ಯದೋಳು."

"ಕಾಲೆತ್ತಿದ್ದೆ" ಎಂದಳು ಬತೂಲ್. "ಆಮೇಲೆ ಇಳಿಸಿಬಿಟ್ಟೆ. ನಮ್ಮಜ್ಜಂದು ಸೆಫ್ರೂ ಊರಲ್ಲಿ ಮಸಾಲೆ ಅಂಗಡಿ. ಚಿಕ್ಕೋಳಿದ್ದಾಗ ಒಂದ್ಸಲ ಪೊರಕೆ ದಾಟಿ ಸಕ್ಕರೆ ತುಂಡು ತಗೊಂಡಿದ್ದೆ. ಅಜ್ಜ ಬೈಲಿಲ್ಲ, ಹೊಡೀಲಿಲ್ಲ. ಇಡೀ ದಿನ ಮಾತೇ ಆಡ್ಲಿಲ್ಲ. ಹೊಡೆದಿದ್ರೆ ಮರೆತೇಬಿಡ್ತಿದ್ದೆ."

ತಿಹಾಮಿ ಕೆಮ್ಮಿದ. ಬತೂಲ್ ತಲೆ ಎತ್ತಿ ಕೆಂಡ ಕಾರಿದಳು. "ಬಂದ್ರಾ? ಕೂಡಿಹಾಕಿ ಹೋಗೋದಾ ಒಂದು ಹೆಣ್ಣುಮಗಳನ್ನ?"

"ಬಾಗಿಲು ತೆರೆದೇ ಇತ್ತಲ್ಲ, ತಾಯಿ."

"ತೆರೆದಿತ್ತಂತೆ! ತೆಗೀರಿ ಮೊದಲು."

ತಿಹಾಮಿ ಬಗ್ಗಿ ಪೊರಕೆ ಎತ್ತಿದ. ಹಮ್ಮೂ ಬಿಸ್ಮಿಲ್ಲಾ ಎನ್ನುತ್ತ ತಟ್ಟೆಯನ್ನು ಒಳಗೆ ಸಾಗಿಸಿದ. ಅಷ್ಟು ಹೊತ್ತಿಗೆ ಜವಾದನೂ ಬಂದ. ನಾಲ್ವರೂ ಒಂದೇ ತಟ್ಟೆಯ ಸುತ್ತ ಕೂತರು. ಕುಸ್‌ಕುಸ್ ಆರಿಹೋಗಿತ್ತು, ಯಾರೂ ದೂರಲಿಲ್ಲ. ತನ್ನ ಕಡೆಯ ಕುಂಬಳಕಾಯಿ ಮುಗಿಸಿ ಬತೂಲ್ ಎದ್ದಳು, ಗೋಡೆಯ ಹತ್ತಿರ ಹೋಗಿ ಒಂದು ಚೀಟಿ ಕಿತ್ತು ಉಳಿಯುವ ಪುಟಗಳ ಸಾಲಿಗೆ ಅಂಟಿಸಿದಳು.

"ಪೊರಕೆ ಇರಲಿ."

"ಬೆಳಿಗ್ಗೆ ಬೇರೆ ಥರ ಹೇಳಿದ್ಯಲ್ಲಮ್ಮ?" ಎಂದ ಜವಾದ್. "ಗಿರಾಕಿಗಳು ಹೋಗಿಬಿಡ್ತಾರೆ ಅಂತ?"

"ಹಸ್ಕೊಂಡಿದ್ದ ನಾನೇ ಕಾದೆ. ಚಡಾವು ಬೇಕಾದೋರು ಕಾಯಲ್ವಾ?" ಜವಾದ್ ನಕ್ಕು ತಲೆಯಾಡಿಸಿದ. ಅವಳು ತಿಹಾಮಿಯ ಕಡೆ ತಿರುಗಿದಳು. "ಆದರೆ ಚಿಕ್ಕಪ್ಪ, ಹಳೇ ಚಿತ್ರ ತೀರಾ ಚಿಕ್ಕದು, ಮಂಜು ಮಂಜು. ಹೊಸದಕ್ಕೆ ಅದು ಹೊಂದಲ್ಲ. ಈಗಲೇ ಒಂದು ತೆಗೀತೀನಿ."

ತಿಹಾಮಿಯ ಬಾಯಿಗೆ ಮತ್ತೆ ಬೈಗುಳ ಬಂತು. ಅವಳು ಚಿಕ್ಕಪ್ಪ ಎಂದಿದ್ದಳು, ನುಂಗಿಕೊಂಡ. ಹೊರಗೆ ಬಂದು ಪೊರಕೆಯನ್ನು ಹೊಸ್ತಿಲಿಗೆ ಅಡ್ಡ ಇಟ್ಟು ಪಕ್ಕಕ್ಕೆ ಸರಿದು ನಿಂತ. ಇದೇ ಬಿಸಿಲು, ಇದೇ ಕಲ್ಲು. ಮುದುಕ ಮಾತ್ರ ಇಲ್ಲ.

"ಚಿಕ್ಕಪ್ಪ, ಕಾಲು ಸ್ವಲ್ಪ ಹಿಂದಕ್ಕೆ. ನಿಮ್ಮ ಚಡಾವಿನ ಮೂತಿ ಬೀಳ್ತಿದೆ."

ತಿಹಾಮಿ ಕೆಳಗೆ ನೋಡಿದ. ಅದೇ ಮೂಲೆ. ಕಾಲು ಸರಿಸಲಿಲ್ಲ.

"ಬೀಳಲಿ" ಎಂದ. "ತೆಗಿ."