ಕೊಟ್ಟಿಗೆಯಲ್ಲಿ ಪಂಕ್ತಿಭೇದ

ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದ ಹೆಂಗಸಿಗೆ ಕೃಷಿ ಕೇಂದ್ರದವರೆಲ್ಲ ಸೇರಿ ಗಿಡ್ಡಮ್ಮ ಎಂದು ಹೆಸರಿಟ್ಟಿದ್ದರು. ಅರ್ಧ ಆಯಸ್ಸನ್ನು ಮೆಕ್ಕೆಜೋಳದ ತಳಿ ಗಿಡ್ಡ ಮಾಡುವುದರಲ್ಲೇ ಕಳೆದವಳಿಗೆ ಇನ್ನೇನು ಹೆಸರು ಬಂದೀತು? ಎತ್ತರದ ಜೋಳ ನೋಡಲು ಚೆಂದ, ಆದರೆ ಒಂದು ಜೋರು ಗಾಳಿ ಬೀಸಿದರೆ ತೆನೆ ಸಮೇತ ಮಲಗಿಬಿಡುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಜಾತಿ. ಇವಳ ಜೋಳ ಎದೆಮಟ್ಟಕ್ಕೆ ನಿಲ್ಲುತ್ತಿತ್ತು, ಗಾಳಿಗೆ ಜಗ್ಗುತ್ತಿರಲಿಲ್ಲ, ತೆನೆ ಮುರಿದ ಮೇಲೂ ದಂಟು ಹಸಿರಾಗಿದ್ದು ದನಕ್ಕೆ ಮೇವಾಗುತ್ತಿತ್ತು. ಕಾಳಿನ ಇಳುವರಿ ಆಗಲೇ ಸಾಬೀತಾಗಿತ್ತು. ಮೇವಿನದು ಬಾಕಿ.

ಅದನ್ನು ಸಾಬೀತು ಮಾಡುವ ಕೆಲಸ ಹಸುಗಳದ್ದು. ಕೊಟ್ಟಿಗೆಯ ಎಡಸಾಲಿಗೆ ಗಿಡ್ಡ ಜೋಳದ ಮೇವು, ಬಲಸಾಲಿಗೆ ಎತ್ತರದ್ದು. ಎಡಸಾಲಿನ ಹಾಲು ಬಲಸಾಲಿಗಿಂತ ಕಡಿಮೆಯಾಗದಿದ್ದರೆ ಬೀಜ ರೈತರಿಗೆ ಹೋಗುತ್ತದೆ, ಕಡಿಮೆಯಾದರೆ ಕಸಕ್ಕೆ. ತಿಂಗಳ ಕೊನೆಗೆ ಗಿಡ್ಡಮ್ಮನಿಗೆ ನಿವೃತ್ತಿ. ಮಂಡಿ ಸವೆದಿತ್ತು. ಹೂವಿಗೆ ಬೇರೆ ಗಿಡದ ಪರಾಗ ತಾಗದಂತೆ ಕಾಗದದ ಚೀಲ ಕಟ್ಟಿ ಕಟ್ಟಿ ಬೆನ್ನೂ ಹೋಗಿತ್ತು. ಎತ್ತರದ ಗಿಡವಾದರೆ ನಿಂತೇ ಕಟ್ಟಬಹುದು. ತಾನೇ ಗಿಡ್ಡ ಮಾಡಿದ ಗಿಡಕ್ಕೆ ತಾನೇ ಬಗ್ಗಬೇಕು. ಒಮ್ಮೆ ಮುಗಿದರೆ ಸಾಕಪ್ಪ ಎನ್ನುವಷ್ಟು ದಣಿದಿದ್ದಳು.

ಫಲಿತಾಂಶ ಬಂತು. ಎರಡೂ ಸಾಲಿನ ಹಾಲು ಸಮ. "ಸಮ ಬಂದ್ರೆ ಗೆದ್ದ ಹಾಗೇ! ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು. ನಾಳೆ ಬೀಜ ಒಪ್ಪೋ ಸಮಿತಿಯವರ ಮುಂದೆ ಇಟ್ಟುಬಿಡೋಣ," ಎಂದರು ಕೇಂದ್ರದ ಮುಖ್ಯಸ್ಥರು.

ಸಂಜೆ ಅವಳು ಕೊಟ್ಟಿಗೆಗೆ ಹೋದಳು. ಹಸು ನೋಡಿಕೊಳ್ಳುವವನು ಬಕೆಟ್ ತೊಳೆಯುತ್ತಿದ್ದ.

"ಎರಡೂ ಸಾಲು ಸಮ ಹಾಲು ಕೊಟ್ಟಿವೆ ಕಣಪ್ಪ."

"ಕೊಡದೆ ಏನ್ ಮಾಡ್ತಾವೆ ಅಮ್ಮಾ? ಮೇವೂ ಸಮವಾಗೇ ಹಾಕ್ತಿದ್ನಲ್ಲ."

"ಸಮವಾಗಿ ಅಂದ್ರೆ?"

"ಮೊದಲ ದಿನ ನೀವು ಹೇಳಿದ ಹಾಗೇ ಹಾಕ್ದೆ. ಬಲಗಡೆಯವು ತಮ್ಮದನ್ನ ಮೂಸಿನೂ ನೋಡ್ಲಿಲ್ಲ. ಗಿಡ್ಡ ಜೋಳದ ಕಡೆ ಕತ್ತು ಚಾಚಿ ಒಂದೇ ಸಮನೆ ಕೂಗಿದ್ವು. ಒಂದೇ ಸೂರಿನ ಕೆಳಗೆ ಪಂಕ್ತಿಭೇದ ಮಾಡೋದಾ ಅಮ್ಮಾ? ಪಾಪ ಸುತ್ಕೊಳ್ಳುತ್ತೆ. ಎರಡನ್ನೂ ಬೆರೆಸಿ ಎಲ್ಲಕ್ಕೂ ಹಂಚಿಬಿಟ್ಟೆ."

ಶಹಬ್ಬಾಸ್ ಎನ್ನುತ್ತಾಳೆಂದು ಅವಳ ಮುಖ ನೋಡುತ್ತ ನಿಂತ. ಬೈಯುವುದಾದರೆ ತನ್ನನ್ನೇ ಬೈದುಕೊಳ್ಳಬೇಕಿತ್ತು. ಯಾವ ಸಾಲಿಗೆ ಯಾವುದು ಎಂದು ಹೇಳಿದ್ದಳೇ ಹೊರತು ಯಾಕೆ ಎಂದು ಒಂದು ಮಾತು ಹೇಳಿರಲಿಲ್ಲ. ಇಡೀ ಪರೀಕ್ಷೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಕುರುಕಲು ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. "ಅಷ್ಟು ಆಸೆಪಟ್ಟು ತಿಂದಿವೆ ಅಂದ್ಮೇಲೆ ಒಳ್ಳೇ ಮೇವೇ ಇರ್ಬೇಕಲ್ಲ. ಸುಮ್ನಿರು, ಯಾರಿಗೆ ಗೊತ್ತಾಗುತ್ತೆ?"

"ಆಸೆಪಟ್ಟು ತಿಂದಿದ್ದೆಲ್ಲ ಮೈಗೆ ಹತ್ತುತ್ತೇನ್ರೀ? ಮತ್ತೆ ನಿಮಗ್ಯಾಕೆ ಡಾಕ್ಟರು ಕರಿದಿದ್ದು ಬೇಡ ಅಂದಿದ್ದು?"

ಗಂಡ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಆದರೆ ಸುಮ್ಮನಿರಬೇಕೆಂಬ ಆಸೆ ಅವನಿಗಿಂತ ಅವಳಿಗೇ ಹೆಚ್ಚಾಗಿತ್ತು. ತನ್ನ ಜೋಳ ಒಳ್ಳೆಯದೆಂದು ಅವಳು ನಂಬಿದ್ದಳು. ನಂಬಿದ್ದಳು, ಅಷ್ಟೇ. ಅದನ್ನು ಬಿತ್ತುವವರು ನಾಳೆ ತಮ್ಮ ಹಸುವಿನ ಹಾಲು ಇಳಿದರೆ ಯಾರನ್ನು ಕೇಳಬೇಕು?

ಬೆಳಿಗ್ಗೆ ಸಮಿತಿ ಸೇರುವ ಮೊದಲೇ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಇದು ಇನ್ಯಾರಿಗೆ ಗೊತ್ತು?"

"ಕೊಟ್ಟಿಗೆಯವನಿಗೆ. ಹಸುಗಳಿಗೆ."

"ನೋಡಿಯಮ್ಮ, ಬರೋ ತಿಂಗಳು ನೀವಿರಲ್ಲ. ನಿಮ್ಮ ಜಾಗಕ್ಕೆ ಬರೋರಿಗೆ ಈ ಜೋಳದ ಉಸಾಬರಿ ಬೇಡ. ಇವತ್ತು ದಾಟಲಿಲ್ಲ ಅಂದ್ರೆ ಇದರ ಕತೆ ಮುಗೀತು."

"ಇನ್ನೊಂದು ಬೆಳೆ ನಾನೇ ಬೆಳೀತೀನಿ ಸಾರ್. ಮೇವೂ ನನ್ನ ಕೈಯಾರೆ ಹಾಕ್ತೀನಿ."

"ಸಂಬಳ ಇರಲ್ಲ."

"ಬೇಡ."

"ನಸುಕಿಗೇ ಬರ್ಬೇಕಾಗುತ್ತೆ. ಹಸುಗಳು ಕೂಗ್ತಾವೆ."

"ಕೂಗ್ಲಿ."

ಅವರು ಕನ್ನಡಕ ಮತ್ತೆ ಹಾಕಿಕೊಂಡು ಹೂಂ ಎಂದರು. ಗಿಡ್ಡಮ್ಮ ಹೊರಗೆ ಬಂದು ಮೊಗಸಾಲೆಯ ಬೆಂಚಿನ ಮೇಲೆ ಕೂತಳು. ಏಳಲು ನೋಡಿದರೆ ಮಂಡಿ ಮಾತು ಕೇಳಲಿಲ್ಲ. ಆಗ ಅಳು ಬಂತು. ಸರಿಯಾದದ್ದನ್ನೇ ಮಾಡಿದೆ ಎಂಬ ಸಮಾಧಾನ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಅವಳಿಗೆ ಮನೆಗೆ ಹೋಗಿ ಮಲಗಬೇಕಾಗಿತ್ತು, ಇನ್ನೊಂದು ಬೆಳೆಯ ಕಾಲ ಅದು ಆಗುವಂತಿರಲಿಲ್ಲ.