ಗಾಜಿನ ಮೇಲಿನ ಕೋಳಿಮರಿ

ನಿಯೆವೆಸ್ ಕೋಳಿಮರಿಯನ್ನು ಶವಪೆಟ್ಟಿಗೆಯ ಗಾಜಿನ ಮೇಲೆ ಬಿಟ್ಟು, ಅದರ ಮುಂದೆ ಒಂದಿಷ್ಟು ಅಕ್ಕಿ ಚೆಲ್ಲಿದಳು. ಗಾಜಿನ ಕೆಳಗೆ ಅವಳ ಗಂಡ ತೆಯೊದುಲೊ ಮಲಗಿದ್ದ. ಸುಟ್ಟ ಮುಖಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು.

“ಅತ್ತಿಗೆ, ಏನಿದು! ಕೊಲೆಯಾದವರಿಗಲ್ವಾ ಮರಿ ಇಡೋದು?” ನಾದಿನಿ ಬೆಲೆನ್ ಗಾಬರಿಯಿಂದ ಬಾಗಿಲ ಕಡೆ ನೋಡಿದಳು. “ಚರ್ಚಿಗೆ ಹೊರಡೋ ಮುಂಚೆ ಕಾಲೇಜಿನ ಡೀನ್ ಬರ್ತಾರೆ. ನೋಡಿದ್ರೆ?”

“ನೋಡ್ಲಿ ಅಂತಾನೇ ಇಟ್ಟಿದ್ದು. ಇದು ಇಲ್ಲಿ ಅಕ್ಕಿ ಕುಕ್ಕಿದ ಹಾಗೆಲ್ಲ ಕೊಂದವನ ಎದೇಲಿ ಕುಕ್ಕಬೇಕು.”

“ಬಾಯ್ಲರ್ ಸಿಡಿದಿದ್ದು ಅಪಘಾತ ಅಂದ್ರಲ್ಲ ಕಾಲೇಜಿನವರು?”

“ನಿಮ್ಮಣ್ಣನ ತಪ್ಪಿಂದಾದ ಅಪಘಾತ ಅಂದ್ರು. ಮೂವತ್ತು ವರ್ಷ ಹಬೆ ಪಾಠ ಮಾಡಿದವನಿಗೆ ಹಬೆ ಗೊತ್ತಿರಲಿಲ್ವಂತೆ!”

ತಪ್ಪನ್ನು ಸತ್ತವನ ತಲೆಗೆ ಕಟ್ಟಿದರೆ ಒಂದು ಅನುಕೂಲ: ಎದುರುತ್ತರ ಬರುವುದಿಲ್ಲ.

*

ವರ್ಷದ ಮೊದಲ ತರಗತಿಗೆ ತೆಯೊದುಲೊ ಮನೆಯ ಅನ್ನದ ಪಾತ್ರೆಯನ್ನೇ ಹೊತ್ತೊಯ್ಯುತ್ತಿದ್ದ. ಅಂದು ನಿಯೆವೆಸ್ ಬಾಣಲೆಯಲ್ಲಿ ಅನ್ನ ಬೇಯಿಸಿಕೊಂಡು ಅವನನ್ನು ಬೈಯುತ್ತಿದ್ದಳು. ಅವನು ಪಾತ್ರೆಯನ್ನು ಒಲೆಗಿಟ್ಟು, ಬೋರ್ಡಿನ ಮೇಲೆ ಅದರ ಚಿತ್ರ ಬರೆದು, ಸುತ್ತ ಚುಕ್ಕೆಗೆರೆ ಎಳೆಯುತ್ತಿದ್ದ.

“ಮೊದಲು ಗಡಿ ಎಳೀರಿ. ಒಳಗೆ ಎಷ್ಟು ಹೋಯ್ತು, ಹೊರಗೆ ಎಷ್ಟು ಬಂತು, ಅದೇ ಲೆಕ್ಕ. ಕೊಟ್ಟ ಶಾಖ ಎಲ್ಲೂ ಮಾಯ ಆಗಲ್ಲ. ಹೊರಗೆ ಬಿಡದಿದ್ರೆ ಒಳಗೇ ಕೂತಿರುತ್ತೆ, ನನ್ನ ಹೆಂಡತಿ ಕೋಪದ ಹಾಗೆ.”

ಹುಡುಗರು ನಗುತ್ತಿದ್ದರು. ಮುಚ್ಚಳ ಟಕಟಕ ಕುಣಿಯುತ್ತಿತ್ತು.

ಹೋದ ವಾರ ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು. ಪ್ರಯೋಗಾಲಯದ ಹಳೆಯ ಬಾಯ್ಲರಿನಲ್ಲಿ ಒತ್ತಡ ಹೆಚ್ಚಾದಾಗ ಹಬೆ ಬಿಡುವ ಕವಾಟದ ಸ್ಪ್ರಿಂಗ್ ಸೋತು, ಸುಮ್ಮಸುಮ್ಮನೆ ಬುಸುಗುಡುತ್ತಿತ್ತು. ಹೊಸದು ಬರುವ ತನಕ ಬೆಂಕಿ ಹಚ್ಚಕೂಡದು ಎಂದಿದ್ದ ತೆಯೊದುಲೊ. ಡೀನ್ ಪಸ್ತೋರನಿಗೆ ಅತಿಥಿಗಳ ಮುಂದೆ ಮರ್ಯಾದೆ ಮುಖ್ಯ. ಅವನು ಬಾಯ್ಲರ್ ಹಚ್ಚಿಸಿ, ಕವಾಟವನ್ನು ತಂತಿಯಿಂದ ಬಿಗಿಸಿಬಿಟ್ಟ.

ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ತೆಯೊದುಲೊನಿಗೆ ಬುಸುಗುಡುವ ಸದ್ದು ನಿಂತದ್ದು ಗೊತ್ತಾಯಿತು. ಸೀಮೆಸುಣ್ಣ ಎಸೆದು ಓಡಿದ. ಅಲ್ಲಿದ್ದ ಹುಡುಗರನ್ನೆಲ್ಲ ಹೊರಗೆ ದಬ್ಬಿ, ಬೆಂಕಿ ಆರಿಸಲು ಒಬ್ಬನೇ ಒಳಗೆ ಹೋದ.

*

ಡೀನ್ ದೊಡ್ಡ ಹೂವಿನ ಚಕ್ರ ಹಿಡಿಸಿಕೊಂಡು ಬಂದ. ಮರಿಯನ್ನು ಕಂಡದ್ದೇ ಅಲ್ಲೇ ನಿಂತ. ಶವ ಕಾಯುತ್ತ ಅಂಗಳದಲ್ಲಿ ಇಸ್ಪೀಟಾಡುತ್ತಿದ್ದವರು ಎಲೆ ಕೆಳಗಿಟ್ಟರು.

“ಇದು ಸರಿಯಲ್ಲಮ್ಮಾ. ನಾವೂ ದುಃಖದಲ್ಲೇ ಇದ್ದೀವಿ. ಅದನ್ನ ತೆಗೆಸಿ.”

“ಅಕ್ಕಿ ಮುಗೀತಾ ಬಂತು, ಡೀನ್ ಸರ್.” ನಿಯೆವೆಸ್ ಬಟ್ಟಲು ಒಡ್ಡಿದಳು. “ನಿಮ್ಮ ಕೈಯಾರೆ ನಾಲ್ಕು ಕಾಳು ಹಾಕಿ. ಅಪಘಾತ ತಾನೇ? ಹಾಕೋಕೇನು ಭಯ?”

“ಇದೆಲ್ಲ ಮೂಢನಂಬಿಕೆ...”

“ಹಾಗಾದ್ರೆ ಹಾಕಿ ಸರ್.” ಗೋಡೆಗೊರಗಿ ನಿಂತಿದ್ದ ಪ್ರಯೋಗಾಲಯದ ಸಹಾಯಕ ಹೊನೆಲ್ ಮುಂದೆ ಬಂದ. ಅತ್ತು ಅತ್ತು ಅವನ ಕಣ್ಣು ಊದಿದ್ದವು. “ನೀವು ಹೇಳಿದ್ರಿ, ನಾನು ತಂತಿ ಬಿಗಿದೆ. ಠಾಣೇಲೂ ಅದನ್ನೇ ಹೇಳಿ ಬಂದಿದೀನಿ.”

ಬೆಲೆನ್ ಎದ್ದು ಬಂದು ಅತ್ತಿಗೆಯ ಪಕ್ಕ ನಿಂತಳು.

ಎಲ್ಲರೂ ನೋಡುತ್ತಿದ್ದರು. ಡೀನ್ ಬಟ್ಟಲಿಗೆ ಕೈ ಹಾಕಿ ಅಕ್ಕಿ ಹಿಡಿದು, ಗಾಜಿನ ಮೇಲಕ್ಕೆ ಚಾಚಿದ. ಮುಷ್ಟಿ ಬಿಚ್ಚಲಿಲ್ಲ. ಚೆಲ್ಲಿದ್ದನ್ನು ಮುಗಿಸಿದ ಮರಿ ಹತ್ತಿರ ಬಂತು. ಬೆರಳ ಸಂದಿಯಲ್ಲಿ ಒಂದು ಕಾಳು ಕಾಣುತ್ತಿತ್ತು. ಮರಿ ಆ ಮುಷ್ಟಿಯನ್ನು ಕುಕ್ಕತೊಡಗಿತು.