ಪರಂಗಿ ಹುಣ್ಣು

ಗೋಪಾಲಮ್ಮ ಕೇಳಿದ್ದು ಹುಣ್ಣು, ಮುನಿಯಲ್ಲಪ್ಪನ ಕಿವಿಗೆ ಬಿದ್ದದ್ದು ಹಣ್ಣು. ಒಳಗೆ ಅಣ್ಣ ಕೂತಿದ್ದಾನೆಂದು ಅವಳು ದನಿ ಇಳಿಸಿ, "ನಿಮ್ಗೆ ಪರಂಗಿ ಉಣ್ಣು ಏನಾರ ಐತಾ?" ಎಂದಿದ್ದಳು. ಮಾರನೇ ದಿನವೇ ಆ ಮನುಷ್ಯ ಚಿಕ್ಕಬಾಣಾವರದಿಂದ ಬ್ಯಾಟರಾಯನಪುರದವರೆಗೂ ಒಂದು ದೊಡ್ಡ ಪರಂಗಿ ಹಣ್ಣನ್ನು ಕಂಕುಳಲ್ಲಿ ಹೊತ್ತು ತಂದ.

"ಇತ್ಲಲ್ಲಿ ಬಿಟ್ಟಿದ್ದು. ಸಕ್ಕರೆ ಇದ್ದಂಗೈತೆ."

ಗೋಪಾಲಮ್ಮನಿಗೆ ನಗು ತಡೆಯಲಾಗಲಿಲ್ಲ. ಎಂಬತ್ತೆರಡನೇ ಇಸವಿಯ ಮಾತು. ಅವಳು ಐವತ್ತು ದಾಟಿದ ವಿಧವೆ. ಅವನು ಹೆಂಡತಿ ಸತ್ತವನು, ಯಶವಂತಪುರದಿಂದ ಬೊಂಬಾಯಿಗೆ ಲಾರಿ ಓಡಿಸಿ ಓಡಿಸಿ ಅರವತ್ತರ ಹತ್ತಿರ ಬಂದಿದ್ದ. ಇಬ್ಬರಿಗೂ ಕೂಡಿಕೆ ಮದುವೆ ಮಾಡಲು ಹಿರಿಯರು ಒಪ್ಪಿದ್ದರು. ಅವಳಿಗೂ ಮನಸ್ಸಿತ್ತು. ಆದರೆ ಈ ಒಂದು ವಿಷಯ ತಿಳಿಯದೆ ಅವನ ಹೊಸಿಲು ದಾಟುವವಳಲ್ಲ.

"ಅಣ್ಣಲ್ಲ ಕಣ್ರೀ, ಉಣ್ಣು. ದಾರಿ ಮೇಲಿನ ಎಂಗಸ್ರ ಸಾವಾಸದಿಂದ ಬರೋದು."

ಅವನ ಮುಖ ಕೆಂಪಾಯಿತು. "ಈ ವಯಸ್ಸಲ್ಲಿ ಕೇಳೋ ಮಾತಾ? ಮಕ್ಕಳಾಗೋ ಕಾಲ ಮುಗೀತು, ಇನ್ನೇನ್ ಭಯ ನಿಮ್ಗೆ?"

"ರೋಗ ವಯಸ್ಸು ಕೇಳ್ಕೊಂಡು ಬತ್ತದಾ? ನಮ್ ಯಜಮಾನ್ರು ತಂದು ನಂಗೂ ಅಂಟಿಸಿದ್ರು. ಬಾಯಿ ಬಿಡ್ಲಿಲ್ಲ. ನಂದೊಂದು ಕೂಸು ಒಟ್ಟೇಲೇ ಓಯ್ತು. ಆಮೇಲೆ ಸೂಜಿ ಆಕುಸ್ಕೊಂಡು ವಾಸಿಯಾದೆ."

ಅವನು ಎದ್ದು ಚಪ್ಪಲಿ ಮೆಟ್ಟಿದ. ಹೋದರೆ ಹೋಗಲಿ, ಮತ್ತೆ ನರಳುವುದಕ್ಕಿಂತ ಒಂಟಿ ಬಾಳೇ ಲೇಸು ಎಂದುಕೊಂಡಳು. ಅವನು ಬಾಗಿಲಲ್ಲೇ ನಿಂತ.

"ಒಂದ್ಸಲ ಆಗಿತ್ತು. ನೋವಿರ್ಲಿಲ್ಲ, ತಾನಾಗೇ ಮಾಯ್ತು. ಮಾಯ್ದಿದ್ದೂ ಲೆಕ್ಕಾನಾ?"

"ಮೇಲೆ ಮಾಯ್ದಿರ್ತದೆ. ರಕ್ತದಾಗೆ ಕೂತಿರ್ತದಂತೆ."

"ಇಷ್ಟು ವರ್ಷ? ಅಲ್ಲಿ ಏನ್ ತಿಂದ್ಕೊಂಡಿರ್ತದೆ?"

ಗೋಪಾಲಮ್ಮನೂ ಚಪ್ಪಲಿ ಮೆಟ್ಟಿದಳು. "ಡಾಕ್ಟ್ರನ್ನೇ ಕೇಳಾನ, ನಡೀರಿ."

ಸರ್ಕಾರಿ ಆಸ್ಪತ್ರೆಯಲ್ಲಿ ಮೀಸೆ ಚಿಗುರುತ್ತಿದ್ದ ಡಾಕ್ಟರು ನಕ್ಕರು. "ಅಜ್ಜಿ, ಈ ವಯಸ್ಸಲ್ಲಿ ಈ ಪರೀಕ್ಷೆ ಯಾಕೆ?"

"ಮದ್ವೆ ಈ ವಯಸ್ಸಲ್ಲೇ ಆಯ್ತಿರೋದು, ಅದಕ್ಕೆ."

ಡಾಕ್ಟರು ನಗು ನುಂಗಿಕೊಂಡು ಇಬ್ಬರ ರಕ್ತವನ್ನೂ ತೆಗೆಸಿದರು. ಮುಂದಿನ ವಾರ ಫಲಿತಾಂಶ ಬಂತು. ಅವಳದು ಸರಿಯಿತ್ತು, ಅವನದು ಇರಲಿಲ್ಲ. ವಾರಕ್ಕೊಂದರಂತೆ ಸೂಜಿ ಹಾಕಿಸಬೇಕು, ಡಾಕ್ಟರು ಹೇಳುವತನಕ ಜೊತೆಗೆ ಮಲಗುವಂತಿಲ್ಲ.

ಹೊರಗೆ ಬಂದು ಮುನಿಯಲ್ಲಪ್ಪ ನೆಲ ನೋಡುತ್ತ, "ಬ್ಯಾಡ ಅಂದ್ಬುಡಿ. ಬೇಜಾರಿಲ್ಲ," ಎಂದ.

"ಮುಚ್ಚಿಟ್ಟಿದ್ರೆ ಬ್ಯಾಡ ಅಂತಿದ್ದೆ. ವಾಸಿ ಮಾಡ್ಕಳಿ, ಕಾಯ್ತೀನಿ."

ಅವನು ಮೆಲ್ಲಗೆ ಕೇಳಿದ. "ಆ ಸೂಜಿ ನೋಯ್ತದಾ?"

"ಕುಂಡಿಗೆ ಆಕ್ತಾರೆ. ಒಂದೆರಡು ದಿನ ನಿಂತ್ಕೊಂಡೇ ಉಣ್ಣಿ."